ಪೋರ್ಟರ್ ಕೈಗೆ ಕೊಟ್ಟ ಚೀಲ ಕಳೆದರೆ ಹೊಣೆ ಯಾರದು? 1884ರ ಪ್ಯಾಡಿಂಗ್ಟನ್ ಕೇಸಿಗೆ ವಾದ ಬೇಕು

ಕ್ಯಾತ್ಸಂದ್ರ ಎಲ್‌ಎಲ್‌ಬಿ:
ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಕಾನೂನು ಓದ್ತಿದ್ದೀನಿ. ಮುಂದಿನ ವಾರ ಕಾಲೇಜಲ್ಲಿ ಅಣಕು ನ್ಯಾಯಾಲಯ ಇದೆ. ನನಗೆ ಬಂದಿರೋದು ಇಂಗ್ಲೆಂಡಿನ ಹಳೇ ರೈಲ್ವೆ ಕೇಸು, ಗ್ರೇಟ್ ವೆಸ್ಟರ್ನ್ ರೈಲ್ವೆ ವಿರುದ್ಧ ಬಂಚ್. ಅದರಲ್ಲೂ ಸೋತ ಕಡೆ, ಅಂದ್ರೆ ಕಂಪನಿ ಪರ ವಾದ ಮಾಡಬೇಕು.

ಸಂಗತಿ ಇಷ್ಟು. 1884ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ಸಂಜೆ, ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್. ಶ್ರೀಮತಿ ಬಂಚ್ 4.20ಕ್ಕೆ ಬಂದಿಳೀತಾರೆ, ರೈಲು 5ಕ್ಕೆ. ಜೊತೆಗೆ ಮೂರು ಲಗೇಜು. ಕಂಪನಿಯ ಪೋರ್ಟರ್ ಬಂದು, ಆಕೆ ಸ್ಟೇಷನ್ನಿಗೆ ಬಂದ ಗಾಡಿಯಿಂದ ಇಳಿಸ್ಕೊಳ್ತಾನೆ. ಎರಡಕ್ಕೆ ಚೀಟಿ ಅಂಟಿಸಿ ರೈಲಿನ ಲಗೇಜು ವ್ಯಾನಿಗೆ ಅಂತ ಇಡ್ತಾನೆ. ಮೂರನೇದು ಒಂದು ಗ್ಲಾಡ್‌ಸ್ಟನ್ ಬ್ಯಾಗು (ಪ್ರಯಾಣಕ್ಕೆ ಒಯ್ಯೋ ಚರ್ಮದ ಕೈಚೀಲ), ಅದು ನನ್ನ ಜೊತೆ ಬೋಗಿಯಲ್ಲೇ ಇರಲಿ ಅಂತಾರೆ ಆಯಮ್ಮ. ಇಲ್ಲೇ ಬಿಟ್ಟು ಹೋದ್ರೆ ಭದ್ರವಾಗಿರುತ್ತಾ ಅಂತ ಕೇಳಿದ್ದಕ್ಕೆ ಪೋರ್ಟರ್ ಏನೂ ಭಯ ಇಲ್ಲ, ನಾನು ನೋಡ್ಕೊಂಡು ರೈಲಿಗೆ ಇಡ್ತೀನಿ ಅಂತಾನೆ. ಗಂಡನನ್ನ ಕಂಡು, ಟಿಕೆಟ್ ತಗೊಂಡು ಹತ್ತು ನಿಮಿಷಕ್ಕೆ ವಾಪಸ್ ಬಂದ್ರೆ ಬ್ಯಾಗೇ ಇಲ್ಲ. ಆಮೇಲೂ ಸಿಗಲಿಲ್ಲ.

ಕೌಂಟಿ ಕೋರ್ಟಲ್ಲಿ ಶುರುವಾದ ಕೇಸು 1888ರಲ್ಲಿ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮುಗೀತು. ಕಂಪನಿಯೇ ಹೊಣೆ ಅಂತ ತೀರ್ಪಾಯ್ತು. ಅಲ್ಲಿ ಕೂತಿದ್ದ ನ್ಯಾಯಾಧೀಶರಲ್ಲಿ ಲಾರ್ಡ್ ಬ್ರಾಂವೆಲ್ ಮಾತ್ರ ಒಪ್ಪಲಿಲ್ಲ.

ಮನಸ್ಸಿನಲ್ಲಿ ನಾನು ಆಯಮ್ಮನ ಕಡೆಗೇ ಇದ್ದೀನಿ. ಆದ್ರೂ ಕಂಪನಿ ಪರ ಗಟ್ಟಿಯಾಗಿ ನಿಲ್ಲಬೇಕು. ಏನು ಹೇಳಬಹುದು?

ಗುಬ್ಬಿ ಗೇಟ್:
ಏನೂ ಹೇಳಕ್ಕಾಗಲ್ಲ. ಪೋರ್ಟರ್ ಕಂಪನಿ ಸಂಬಳದವನು. ಅವನ ಕೈಗೆ ಕೊಟ್ರೆ ಕಂಪನಿ ಕೈಗೆ ಕೊಟ್ಟ ಹಾಗೆ.

ತಿಪಟೂರು ಕೊಬ್ಬರಿ:
ಅಷ್ಟು ಸಲೀಸಾಗಿ ಮುಗಿಸಬೇಡಿ ಸ್ವಾಮಿ. ರೈಲು ಹೊರಡೋಕೆ ಇನ್ನೂ ನಲವತ್ತು ನಿಮಿಷ ಇದೆ. ಆ ಬ್ಯಾಗು ವ್ಯಾನಿಗೆ ಹೋಗೋದಲ್ಲ, ಆಕೆಯ ಜೊತೆ ಹೋಗೋದು. ಅಂದ್ರೆ ಅದು ಕೈಚೀಲ. ನನ್ನ ಕೈಚೀಲ ನಾನು ನೋಡ್ಕೋಬೇಕಾ, ಸ್ಟೇಷನ್ನಿನವನು ನೋಡ್ಕೋಬೇಕಾ? ನಮ್ಮ ಎಪಿಎಂಸಿಗೆ ಕೊಬ್ಬರಿ ಮೂಟೆ ತಂದೋರು ತೂಕಕ್ಕೆ ಹಾಕಿ ಚೀಟಿ ತಗೊಳ್ಳೋವರೆಗೂ ಮೂಟೆ ಬಿಟ್ಟು ಕದಲಲ್ಲ. ಚೀಟಿ ಕೈಗೆ ಬಂದಮೇಲೇ ಕಾಫಿಗೆ ಹೋಗೋದು. ನನ್ನ ಮತ ಬ್ರಾಂವೆಲ್ ಸಾಹೇಬ್ರಿಗೆ.

ಗೌರಿಬಿದನೂರು ಟೀಚರ್:
ಕೊಬ್ಬರಿ ಅವರೇ, ಆಕೆ ಕಾಫಿಗೆ ಹೋಗಿದ್ದಲ್ಲ. ಟಿಕೆಟ್ ತಗೊಳ್ಳೋಕೆ ಹೋಗಿದ್ದು. ಟಿಕೆಟ್ ಇಲ್ಲದೆ ರೈಲು ಹತ್ತೋಕಾಗುತ್ತಾ? ಹೆಣ್ಣುಮಗಳು ಮೂರು ಲಗೇಜು ಹೊತ್ತು ಟಿಕೆಟ್ ಕಿಂಡಿ ಮುಂದೆ ನಿಲ್ಲಬೇಕಿತ್ತಾ?

ಕೋಲಾರ ವಕೀಲ:
ವಿದ್ಯಾರ್ಥಿಗೆ ಮೊದಲು ಬುಡ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸಾಗಣೆದಾರ ಅಂದ್ರೆ ವಿಮೆ ಮಾಡಿಕೊಟ್ಟವನ ಸಮ. ಸಾಮಾನು ಅವನ ವಶಕ್ಕೆ ಬಂದಮೇಲೆ ಕಳೆದರೆ ನನ್ನ ತಪ್ಪೇನಿಲ್ಲ ಅನ್ನೋ ಹಾಗಿಲ್ಲ. ದೈವಾಧೀನವಾದ ಅನಾಹುತ, ರಾಜನ ಶತ್ರುಗಳ ದಾಳಿ ಇಂಥವು ಬಿಟ್ಟರೆ ಕಟ್ಟಿಕೊಡಲೇಬೇಕು. ಕುದುರೆ ಕೋಚುಗಳ ಕಾಲದಿಂದ ಬಂದ ನಿಯಮ. ಮಾಲೀಕರು ಗೋಳಾಡಿದ್ದಕ್ಕೆ 1830ರಲ್ಲಿ ಕ್ಯಾರಿಯರ್ಸ್ ಆಕ್ಟ್ ಬಂತು. ಚಿನ್ನ, ಗಡಿಯಾರ, ರೇಷ್ಮೆ ಇಂಥ ಬೆಲೆಬಾಳುವ ವಸ್ತು 10 ಪೌಂಡ್ ಮೀರಿದ್ರೆ ಮೊದಲೇ ಹೇಳಿ ಹೆಚ್ಚಿನ ದರ ಕಟ್ಟಬೇಕು, ಇಲ್ಲಾಂದ್ರೆ ಹೊಣೆ ಇಲ್ಲ.

ಈಗ ನಿಮ್ಮ ಕಂಪನಿಗೆ ಆಯುಧ. 1878ರ ಬರ್ಗ್‌ಹೈಮ್ ಕೇಸು ಓದಿ. ಪ್ರಯಾಣಿಕ ತನ್ನ ಜೊತೆ ಬೋಗಿಯಲ್ಲಿ ಇಡಿಸಿಕೊಂಡ ಚೀಲಕ್ಕೆ ಆ ವಿಮೆಯಂಥ ಹೊಣೆ ಇಲ್ಲ, ಕಂಪನಿಯ ಅಜಾಗರೂಕತೆ ಇದ್ದರೆ ಮಾತ್ರ ಹೊಣೆ ಅಂತ ಹೇಳಿದ ಕೇಸು. ಅದಕ್ಕೂ ಮುಂಚೆ 1870ರಲ್ಲಿ ಟ್ಯಾಲಿ ಅಂತ ಇನ್ನೊಬ್ಬರು ಇದೇ ಗ್ರೇಟ್ ವೆಸ್ಟರ್ನ್ ಮೇಲೆ ಹೋಗಿದ್ರು. ಸ್ವಿಂಡನ್‌ನಲ್ಲಿ ತಿಂಡಿಗೆ ಇಳಿದೋರು ವಾಪಸ್ ತಮ್ಮ ಬೋಗಿಗೆ ಬರದೆ ಬೇರೆ ಬೋಗಿ ಹತ್ತಿದರು. ಪೆಟ್ಟಿಗೆಯಲ್ಲಿದ್ದದ್ದು ಕಳುವಾಯ್ತು. ನೀವೇ ಕಾಯದೆ ಬಿಟ್ಟಿದ್ದು ಅಂತ ಕೋರ್ಟು ಕಂಪನಿ ಪರ ನಿಂತಿತು. ಈ ಎರಡನ್ನೂ ಜೋಡಿಸಿದರೆ ನಿಮ್ಮ ವಾದ ನಿಲ್ಲುತ್ತೆ.

ಕ್ಯಾತ್ಸಂದ್ರ ಎಲ್‌ಎಲ್‌ಬಿ:
ತುಂಬಾ ಧನ್ಯವಾದ ಸರ್. ಆದ್ರೆ ಟ್ಯಾಲಿ ಹೋಗಿದ್ದು ತಿಂಡಿಗೆ, ಬಂಚ್ ಹೋಗಿದ್ದು ಟಿಕೆಟ್‌ಗೆ. ಎದುರು ಪಕ್ಷದವರು ಮೊದಲು ಅಲ್ಲೇ ಹಿಡೀತಾರಲ್ವಾ?

ಕೋಲಾರ ವಕೀಲ:
ಹಿಡೀಲಿ. ನೀವು ಪೋರ್ಟರ್‌ಗೆ ಇದ್ದ ಅಧಿಕಾರದ ಮೇಲೆ ನಿಲ್ಲಿ. ರೈಲಿಗೆ ಹಾಕೋ ಲಗೇಜು ತಗೊಳ್ಳೋ ಅಧಿಕಾರ ಅವನಿಗಿತ್ತು. ಕಾಯ್ದಿಟ್ಟುಕೊಳ್ಳೋ ಅಧಿಕಾರ ಇರಲಿಲ್ಲ. ಕಾಯ್ದಿಡೋಕೆ ಅಂತಲೇ ದುಡ್ಡು ತಗೊಂಡು ರಸೀದಿ ಕೊಡೋ ಕ್ಲೋಕ್ ರೂಮು ಅದೇ ಸ್ಟೇಷನ್ನಿನಲ್ಲಿತ್ತು. ಪ್ರಶ್ನೆ ಇಷ್ಟೇ: 4.20ಕ್ಕೆ ಬ್ಯಾಗು ಕೊಟ್ಟಿದ್ದು ಸಾಗಿಸೋಕಾ, ಕಾಯೋಕಾ? ಲಾರ್ಡ್‌ಗಳಲ್ಲಿ ಹೆಚ್ಚಿನೋರು ಸಾಗಿಸೋಕೆ ಅಂದ್ರು, ನಲವತ್ತು ನಿಮಿಷ ಮುಂಚೆ ಬರೋದು ಅತಿಯಲ್ಲ ಅಂತ ಕೆಳಗಿನ ನ್ಯಾಯಾಧೀಶರು ಕಂಡುಕೊಂಡಿದ್ದನ್ನ ಎತ್ತಿಹಿಡಿದ್ರು.

ಚಿಂತಾಮಣಿ ಪ್ಯಾಸೆಂಜರ್:
ಒಂದು ಚೀಲಕ್ಕೆ ನಾಲ್ಕು ವರ್ಷ ಕೋರ್ಟು! ಅಷ್ಟೊಂದು ಹಠ ಯಾಕೆ ಆಯಮ್ಮನಿಗೆ?

ಗೌರಿಬಿದನೂರು ಟೀಚರ್:
ಹಠ ಆಯಮ್ಮಂದಲ್ಲ ಕಣ್ರೀ. ಕೇಸಿನ ಹೆಸರಲ್ಲಿ ಕಂಪನಿಯೇ ಮೊದಲು, ಅಂದ್ರೆ ಲಾರ್ಡ್ಸ್ ಮೆಟ್ಟಿಲು ಹತ್ತಿದ್ದು ಕಂಪನಿ. ಚೀಲದ ಬೆಲೆ ಮೊದಲ ದಿನವೇ ಕೊಟ್ಟುಬಿಡಬಹುದಿತ್ತು. ದಿನಾ ಸಾವಿರಾರು ಜನ ಪೋರ್ಟರ್ ಕೈಗೆ ಚೀಲ ಕೊಡ್ತಾರೆ, ಒಂದು ಸಲ ಒಪ್ಪಿಕೊಂಡ್ರೆ ಎಲ್ಲರಿಗೂ ಕಟ್ಟಿಕೊಡಬೇಕಾಗುತ್ತೆ ಅಂತ ಹೋರಾಡಿದ್ದು. ದೊಡ್ಡೋರು ಯಾವಾಗಲೂ ಹೀಗೇ. ನಮ್ಮ ಮನೆಯಲ್ಲೂ ಒಂದು ಪಾರ್ಸೆಲ್ ಕಳೆದಾಗ ಅನುಭವ ಆಗಿದೆ. ಈ ಕಿಂಡಿಯಿಂದ ಆ ಕಿಂಡಿಗೆ ಅಲೆಸಿ, ಕೊನೆಗೆ ನಾವೇ ಸಾಕಪ್ಪ ಅಂತ ಬಿಟ್ಟೆವು. ಬಿಡದೆ ನಿಂತ ಬಂಚ್‌ಗೆ ನನ್ನ ನಮಸ್ಕಾರ.

ತಿಪಟೂರು ಕೊಬ್ಬರಿ:
ಕಂಪನಿ ಹೋರಾಡಿದ್ದರಲ್ಲಿ ತಪ್ಪೇನು? ನಿಯಮ ಸ್ಪಷ್ಟ ಆಗೋದೇ ಹಾಗೆ. ಕಟ್ಟಿಕೊಡೋ ದುಡ್ಡೆಲ್ಲ ಕೊನೆಗೆ ಟಿಕೆಟ್ ದರದಲ್ಲೇ ಬರುತ್ತೆ. ಜಾಗ್ರತೆಯಾಗಿ ಚೀಲ ಹಿಡ್ಕೊಂಡು ಕೂತ ಪ್ರಯಾಣಿಕ ಯಾಕೆ ಕೊಡಬೇಕು?

ಬಂಗಾರಪೇಟೆ ನಿವೃತ್ತ ಗಾರ್ಡ್:
ಇಲ್ಲಿ ಎಲ್ಲರೂ ಇಂಗ್ಲೆಂಡಿನ ಪೋರ್ಟರನ್ನ ನಮ್ಮ ಸ್ಟೇಷನ್ ಕೂಲಿ ಅಂತ ತಿಳ್ಕೊಂಡು ವಾದ ಮಾಡ್ತಿದ್ದೀರಿ. ಅವನು ಕಂಪನಿ ನೌಕರ. ನಮ್ಮ ಕೆಂಪಂಗಿಯವರು ರೈಲ್ವೆ ನೌಕರರಲ್ಲ, ಲೈಸೆನ್ಸು ಪಡೆದವರು. 2016ರ ರೈಲ್ವೆ ಬಜೆಟ್‌ನಲ್ಲಿ ಸಹಾಯಕ ಅಂತ ಹೆಸರು ಕೊಟ್ರು, ಸಂಬಳ ಕೊಡಲಿಲ್ಲ. ತೋಳಿನ ಮೇಲಿನ ಹಿತ್ತಾಳೆ ಬಿಲ್ಲೆಯ ನಂಬರು ನೋಡ್ಕೊಳ್ಳಿ ಅಂತ ನಾವು ಜನಕ್ಕೆ ಹೇಳ್ತಿದ್ದಿದ್ದು ಅದಕ್ಕೇ. ನನ್ನ ಸರ್ವೀಸಲ್ಲಿ ಕಂಡ ಕೂಲಿಗಳಲ್ಲಿ ಬಹುಪಾಲು ಚಿನ್ನದಂಥ ಮನುಷ್ಯರು, ಬಿಟ್ಟುಹೋದ ಹೋಲ್ಡಾಲು ಹೊತ್ತು ತಂದು ಸ್ಟೇಷನ್ ಮಾಸ್ಟರ್ ರೂಮಿಗೆ ಇಟ್ಟು ಹೋಗ್ತಿದ್ರು. ಆದ್ರೆ ಅವರ ಮಾತಿಗೆ ರೈಲ್ವೆ ಕಟ್ಟುಬೀಳುತ್ತಾ ಅಂದ್ರೆ, ಇಲ್ಲ.

ಇನ್ನೊಂದು ವಿಷಯ. ಅದೇ ಬಂಚ್ ನಮ್ಮ ದೇಶದಲ್ಲಿ ಬ್ಯಾಗು ಕಳ್ಕೊಂಡಿದ್ರೆ ಒಂದಾಣೆ ಸಿಗ್ತಿರಲಿಲ್ಲ. 1890ರ ರೈಲ್ವೆ ಕಾಯ್ದೆ 74ನೇ ಕಲಂ: ರೈಲ್ವೆ ನೌಕರ ಲಗೇಜು ಬುಕ್ ಮಾಡಿ ರಸೀದಿ ಕೊಟ್ಟಿದ್ರೆ ಮಾತ್ರ ಹೊಣೆ. ರಸೀದಿ ಇಲ್ವಾ, ಹೋಗಿ ಬನ್ನಿ.

ಮಾಲೂರು ಹೆಂಚು:
ನೋಡಿದ್ರಾ! 1888ರಲ್ಲಿ ಲಂಡನ್ನಿನಲ್ಲಿ ಪ್ರಯಾಣಿಕರಿಗೆ ನ್ಯಾಯ, ಎರಡೇ ವರ್ಷಕ್ಕೆ ನಮಗೆ ಬಾಯಿಗೆ ಬೀಗ. ಆ ತೀರ್ಪು ನೋಡಿ ಹೆದರಿಯೇ ಇಲ್ಲಿ ಕಾಯ್ದೆ ಮಾಡಿದ್ದು.

ಕೋಲಾರ ವಕೀಲ:
ಹಾಗೆ ಗಂಟು ಹಾಕೋಕೆ ಆಧಾರ ಇಲ್ಲ. ಇಲ್ಲಿ ರೈಲ್ವೆ ಹೊಣೆಯನ್ನ ಕಾಯ್ದೆಯಿಂದ ಕಟ್ಟಿಹಾಕೋ ಪ್ರಯತ್ನ ಬಂಚ್ ತೀರ್ಪಿಗಿಂತ ಹಳೇದು, 1854ರಿಂದಲೂ ರೈಲ್ವೆ ಕಾಯ್ದೆಗಳಿದ್ದವು, 1879ರಲ್ಲಿ ಇನ್ನೊಂದು ಬಂತು. 1890ರ ಕಾಯ್ದೆಯ 72ನೇ ಕಲಂ ರೈಲ್ವೆಯನ್ನ ಕರಾರು ಕಾಯ್ದೆ 151ನೇ ಕಲಮಿನ ಮಟ್ಟಕ್ಕೆ ಇಳಿಸಿತು: ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಮಾಡಿದ್ರೆ ಸಾಕು. ವಿಮೆಯಂಥ ಹೊಣೆ ಹೋಯ್ತು. ಅಲ್ಲಿಯವರಿಗೆ ಒಂದು ಅಳತೆ, ಇಲ್ಲಿಯವರಿಗೆ ಇನ್ನೊಂದು ಅನ್ನೋ ನಿಮ್ಮ ಸಿಟ್ಟು ಮಾತ್ರ ನ್ಯಾಯವಾದದ್ದು.

ಮಾಲೂರು ಹೆಂಚು:
ಕಾರಣ ಏನೇ ಇರಲಿ, ಆದದ್ದು ಅದೇ ತಾನೆ. ಓದು ಬರಹ ಬಾರದ ಹಳ್ಳಿ ಜನ ಮೊದಲ ಸಲ ರೈಲು ಹತ್ತೋ ಕಾಲ. ಅವರನ್ನ ರಸೀದಿ ಎಲ್ಲಿ ಅಂತ ಕೇಳೋ ಕಾಯ್ದೆ.

ಶಿಡ್ಲಘಟ್ಟ ರೀಲರ್:
ವಕೀಲರು ರೇಷ್ಮೆ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಕಡೆ ಮದುವೆ ಟ್ರಂಕು ಅಂದ್ರೆ ರೇಷ್ಮೆ ಸೀರೆಗಳೇ. ಅದು ಕಳೆದ್ರೆ?

ಕೋಲಾರ ವಕೀಲ:
1890ರ ಕಾಯ್ದೆಯಲ್ಲೂ ಅಂಥದೇ ಪಟ್ಟಿ ಇತ್ತು, 75ನೇ ಕಲಂ. ಒಡವೆ, ರೇಷ್ಮೆ, ಶಾಲು, ಗಂಧದೆಣ್ಣೆ ಇಂಥವು. ಪೆಟ್ಟಿಗೆಯಲ್ಲಿ ಅವುಗಳ ಬೆಲೆ 100 ರೂಪಾಯಿ ದಾಟಿದ್ರೆ ಬುಕ್ ಮಾಡೋವಾಗಲೇ ಬೆಲೆ ಬರೆಸಿ, ಕೇಳಿದರೆ ಹೆಚ್ಚಿನ ಹಣ ಕಟ್ಟಬೇಕಿತ್ತು. ಬರೆಸದಿದ್ರೆ ಪೂರ್ತಿ ಟ್ರಂಕೇ ಹೋದ್ರೂ ಅವುಗಳಿಗೆ ಪರಿಹಾರ ಇಲ್ಲ.

ಶಿಡ್ಲಘಟ್ಟ ರೀಲರ್:
ಮದುವೆ ಟ್ರಂಕಲ್ಲಿ ಇಷ್ಟು ಬೆಲೆಯ ಸೀರೆ ಇದೆ ಅಂತ ಪ್ಲಾಟ್‌ಫಾರ್ಮಲ್ಲಿ ನಿಂತು ಸಾರಿ ಹೇಳಿದ್ರೆ ಕಳ್ಳನಿಗೇ ದಾರಿ ತೋರಿಸಿದ ಹಾಗಾಯ್ತು. ಯಾರು ಹೇಳ್ತಾರೆ?

ಚಿಂತಾಮಣಿ ಪ್ಯಾಸೆಂಜರ್:
ನಮ್ಮಜ್ಜಿ ಸೀರೆ ಟ್ರಂಕಿನ ಮೇಲೇ ಕೂತು ಹೋಗ್ತಿದ್ರಂತೆ. ಸೀಟು ಖಾಲಿ ಇದ್ರೂ.

ಕ್ಯಾತ್ಸಂದ್ರ ಎಲ್‌ಎಲ್‌ಬಿ:
ಲಗೇಜು ಅಂದ್ರೇನು ಅನ್ನೋದಕ್ಕೇ ದೊಡ್ಡ ಜಗಳ ನಡೆದಿದೆ. ಓದ್ತಾ ಸಿಕ್ಕಿದ್ದು: 1871ರ ಮ್ಯಾಕ್ರೋ ಕೇಸು. ಕೆನಡಾದಿಂದ ಬಂದವರು ಲಿವರ್‌ಪೂಲ್‌ನಿಂದ ಲಂಡನ್ನಿಗೆ ಹೋಗೋವಾಗ ಒಂದು ಪೆಟ್ಟಿಗೆ ಕಳ್ಕೊಂಡ್ರು. ಒಳಗೆ ಹಾಸಿಗೆ ಹೊದಿಕೆ, ಕಂಬಳಿ, ರಜಾಯಿ. ಮುಂದೆ ಮನೆ ಮಾಡಿದಾಗ ಬೇಕು ಅಂತ ಇಟ್ಕೊಂಡಿದ್ದು, ಪ್ರಯಾಣಕ್ಕೆ ಬೇಕಾದ ಸ್ವಂತ ಸಾಮಾನಲ್ಲ ಅಂತ ಕೋರ್ಟು ಆ ಪಾಲು ತೆಗೆದುಹಾಕಿತು. 1869ರಲ್ಲಿ ಮಕ್ಕಳ ಆಟದ ಸ್ಪ್ರಿಂಗ್ ಕುದುರೆ ಲಗೇಜಲ್ಲ ಅಂದ್ರು. 1859ರಲ್ಲಿ ಚಿತ್ರಗಾರನ ಸ್ಕೆಚ್ಚುಗಳೂ ಅಲ್ಲ ಅಂದಿದ್ರು. ವಕೀಲ್ ಸರ್ ಇದನ್ನ ಕೇಳಿ: 1865ರಲ್ಲಿ ಒಬ್ಬ ವಕೀಲರು ಕೇಸಿಗೆ ಅಂತ ಒಯ್ತಿದ್ದ ಆಸ್ತಿ ಪತ್ರಗಳೂ ಲಗೇಜಲ್ಲ!

ಕೋಲಾರ ವಕೀಲ:
ಫೆಲ್ಪ್ಸ್ ಕೇಸು. ಗೊತ್ತಿದೆ. ಅದಕ್ಕೇ ಕಕ್ಷಿದಾರರ ಮೂಲ ಪತ್ರ ನಾನು ಇವತ್ತಿಗೂ ಮಡಿಲಲ್ಲೇ ಇಟ್ಕೊಂಡು ಹೋಗೋದು.

ಗುಬ್ಬಿ ಗೇಟ್:
ಹಾಸಿಗೆ ಲಗೇಜಲ್ವಾ? ನಮ್ಮ ತಾತನ ಕಾಲದಲ್ಲಿ ಹಾಸಿಗೆ ಸುರುಳಿ ಇಲ್ಲದೆ ಯಾರೂ ಊರು ಬಿಡ್ತಿರಲಿಲ್ಲ. ಜೊತೆಗೆ ನೀರಿನ ತಂಬಿಗೆ, ಚಕ್ಕುಲಿ ಡಬ್ಬ.

ಗೌರಿಬಿದನೂರು ಟೀಚರ್:
ಮ್ಯಾಕ್ರೋ ಕೇಸಲ್ಲಿ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನ್ ಕೊಟ್ಟ ಅಳತೆಯೇ ನಿಮಗೆ ಉತ್ತರ. ಪ್ರಯಾಣಿಕ ಯಾವ ವರ್ಗದವನೋ ಆ ವರ್ಗದವರ ಅಭ್ಯಾಸ, ಅಗತ್ಯ ನೋಡಿ ತೀರ್ಮಾನಿಸಬೇಕು ಅಂದ್ರು. ಹಾಗೆ ನೋಡಿದ್ರೆ ದಾರಿಯಲ್ಲಿ ಮಲಗೋಕೆ ಒಯ್ಯೋ ನಮ್ಮ ಹಾಸಿಗೆ ಸುರುಳಿ ಖಂಡಿತ ಲಗೇಜೇ. ಮ್ಯಾಕ್ರೋ ಸೋತಿದ್ದು ಮುಂದಿನ ಮನೆಗೆ ಅಂತ ಒಯ್ದಿದ್ದಕ್ಕೆ. ಆದ್ರೆ ಆ ಅಳತೆಯಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಸಾಹುಕಾರನ ಬೆಳ್ಳಿ ಹಿಡಿಯ ಬ್ರಷ್ಷು ಲಗೇಜು, ಊರು ಬಿಟ್ಟು ಬಂದ ಬಡವನ ಕಂಬಳಿ ಅಲ್ಲ. ಯಾರಿಗೆ ನಷ್ಟ ಹೆಚ್ಚು?

ಮಾಲೂರು ಹೆಂಚು:
ಟೀಚರ್ ಮಾತು ನೂರಕ್ಕೆ ನೂರು.

ಬಂಗಾರಪೇಟೆ ನಿವೃತ್ತ ಗಾರ್ಡ್:
ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿತ್ತು, ಹಳಿ ಅಗಲದ್ದು. ಮದ್ರಾಸ್ ಕಡೆಯಿಂದ ಬಂದ ದೊಡ್ಡ ಹಳಿ 1864ಕ್ಕೇ ಬೆಂಗಳೂರು ಮುಟ್ಟಿತ್ತು. ತುಮಕೂರಿಗೆ 1884ರಲ್ಲಿ ಬಂದದ್ದು ಮೀಟರ್ ಗೇಜು. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ್ದು ಎರಡೂವರೆ ಅಡಿಯ ಪುಟ್ಟ ಹಳಿ, ಆಗ ನಮ್ಮೂರು ಬೌರಿಂಗ್‌ಪೇಟೆ. ತುಮಕೂರಿನ ಪೆಟ್ಟಿಗೆ ಮದ್ರಾಸಿಗೆ ಹೋಗಬೇಕಂದ್ರೆ ಬೆಂಗಳೂರಲ್ಲಿ ಇಳಿಸಿ ಏರಿಸಬೇಕು. ಕೋಲಾರದ್ದು ನಮ್ಮೂರಲ್ಲಿ. ಕಳೆಯೋದು, ಒಡೆಯೋದು ಎಲ್ಲ ಆ ಇಳಿಸಿ ಏರಿಸೋ ಹೊತ್ತಲ್ಲೇ. ಈ ಗಾರ್ಡ್ ನಾನು ಇಳಿಸಿದ್ದೀನಿ ಅಂತಾನೆ, ಆ ಗಾರ್ಡ್ ನನಗೆ ಬಂದಿಲ್ಲ ಅಂತಾನೆ. ಸಹಿ ಇಲ್ಲದೆ ಒಂದು ನಗ ಕೂಡ ಕೈ ಬದಲಾಯಿಸಬಾರದು ಅಂತ ನಮ್ಮ ಹಿರಿಯರು ಪಾಠ ಹೇಳ್ತಿದ್ದಿದ್ದು ಅದಕ್ಕೇ.

ಚಿಂತಾಮಣಿ ಪ್ಯಾಸೆಂಜರ್:
ಕೋಲಾರದ ಪುಟ್ಟ ರೈಲು! ನಮ್ಮೂರಿನ ಮೇಲೇ ಹಾದು ಚಿಕ್ಕಬಳ್ಳಾಪುರಕ್ಕೆ ಹೋಗ್ತಿತ್ತು. ದೊಡ್ಡ ಹಳಿ ಆಗಿ ಪೂರ್ತಿ ದಾರಿ ತೆರೆಯೋ ಹೊತ್ತಿಗೆ 2013 ಆಯ್ತು. ಅಷ್ಟು ವರ್ಷ ಬಸ್ಸೇ ಗತಿ. ಯಾರ ಹತ್ರ ಆದ್ರೂ ಹಳೇ ಫೋಟೋ ಇದ್ರೆ ಹಾಕಿ.

ಶಿಡ್ಲಘಟ್ಟ ರೀಲರ್:
ಫೋಟೋಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಇಲ್ಲಿ ಹುಡುಗನಿಗೆ ಸಹಾಯ ಮಾಡೋಣ. ಗಾರ್ಡ್ ಸಾರ್, ಎರಡು ಕಂಪನಿ ಮಧ್ಯೆ ಕಳೆದ್ರೆ ಯಾರ ಮೇಲೆ ಕೇಸು ಹಾಕಬೇಕಿತ್ತು?

ಕೋಲಾರ ವಕೀಲ:
ಗಾರ್ಡ್ ಪರವಾಗಿ ನಾನು ಹೇಳ್ತೀನಿ. ಅದೇ ಕಾಯ್ದೆಯ 80ನೇ ಕಲಂ. ಬುಕ್ ಮಾಡಿಕೊಂಡ ರೈಲ್ವೆ ಮೇಲೆ ಹಾಕಬಹುದು, ಇಲ್ಲಾ ಯಾರ ಹಳಿಯ ಮೇಲೆ ಕಳೀತೋ ಅವರ ಮೇಲೆ. ಎಲ್ಲಿ ಕಳೀತು ಅಂತ ಪ್ರಯಾಣಿಕ ರುಜುವಾತು ಮಾಡೋದು ಹೇಗೆ? ಹಾಗಾಗಿ ಬುಕ್ ಮಾಡಿದವರನ್ನೇ ಹಿಡೀತಿದ್ರು. ಆರು ತಿಂಗಳೊಳಗೆ ಬರವಣಿಗೆಯಲ್ಲಿ ಕ್ಲೇಮು ಕೊಡದಿದ್ರೆ ಅದೂ ಇಲ್ಲ, 77ನೇ ಕಲಂ. ಎಷ್ಟೋ ಗಟ್ಟಿ ಕೇಸುಗಳು ಬಿದ್ದಿದ್ದು ಈ ಆರು ತಿಂಗಳಲ್ಲೇ.

ತಿಪಟೂರು ಕೊಬ್ಬರಿ:
ವಿದ್ಯಾರ್ಥಿ ಅವರೇ, ಕ್ಲೋಕ್ ರೂಮಿನ ಪಾರ್ಕರ್ ಕೇಸನ್ನೂ ಕೈಗೆತ್ತಿಕೊಳ್ಳಿ. ಚೇರಿಂಗ್ ಕ್ರಾಸ್ ಸ್ಟೇಷನ್, 2 ಪೆನ್ಸ್ ಕೊಟ್ಟು ಬ್ಯಾಗು ಇಟ್ರು. ಚೀಟಿಯ ಹಿಂಬದಿಯಲ್ಲಿ 10 ಪೌಂಡ್ ಮೀರಿದ ಗಂಟಿಗೆ ಹೊಣೆಯಲ್ಲ ಅಂತ ಅಚ್ಚಾಗಿತ್ತು. ಬ್ಯಾಗು ಹೋಯ್ತು, 24 ಪೌಂಡ್ 10 ಷಿಲಿಂಗ್ ಕೇಳಿದ್ರು. 1877ರಲ್ಲಿ ಅಪೀಲು ಕೋರ್ಟಲ್ಲಿ ಕೂತಿದ್ದವರಲ್ಲಿ ಇದೇ ಬ್ರಾಂವೆಲ್ ಒಬ್ಬರು. ಚೀಟಿ ತಗೊಂಡು ಓದದೆ ಇದ್ದದ್ದು ಪ್ರಯಾಣಿಕನ ಪಾಡು, ಕಂಪನಿ ಗೆಲ್ಲಬೇಕು ಅಂದ್ರು. ಹನ್ನೊಂದು ವರ್ಷ ಆದ್ಮೇಲೂ ಅದೇ ನಿಲುವು. ಅಂಥ ನ್ಯಾಯಾಧೀಶರ ಮೇಲೆ ನನಗೆ ಗೌರವ ಇದೆ.

ಗೌರಿಬಿದನೂರು ಟೀಚರ್:
ಗೌರವ ಇರಲಿ, ಪಾರ್ಕರ್‌ನಲ್ಲೂ ಅವರ ಮಾತು ನಡೀಲಿಲ್ಲ ಅನ್ನೋದನ್ನ ಬಿಟ್ಟಿರಲ್ಲ. ಷರತ್ತಿನ ವಿಷಯ ಪ್ರಯಾಣಿಕನಿಗೆ ತಿಳಿಯೋ ಹಾಗೆ ಕಂಪನಿ ಸಾಕಷ್ಟು ಮಾಡಿತ್ತಾ ಅನ್ನೋದನ್ನ ಜ್ಯೂರಿ ಮುಂದಿಡಬೇಕು ಅಂತ ಮತ್ತೆ ವಿಚಾರಣೆಗೆ ಕಳಿಸಿದ್ರು. ಅಷ್ಟಕ್ಕೂ ಬಂಚ್ ಕೈಯಲ್ಲಿ ಯಾವ ಚೀಟಿ ಇತ್ತು ಓದೋಕೆ? ಪೋರ್ಟರ್ ಬಾಯಿಮಾತು ಒಂದೇ. ಕಂಪನಿ ಸಮವಸ್ತ್ರ ಹಾಕಿಸಿ ಗಾಡಿ ಬಾಗಿಲಿಗೆ ಕಳಿಸಿದ್ದು ಜನ ನಂಬಲಿ ಅಂತಲೇ. ನಂಬಿದ್ಮೇಲೆ ಅವನಿಗೆ ಅಧಿಕಾರ ಇರಲಿಲ್ಲ ಅಂದ್ರೆ ಹೇಗೆ?

ಗುಬ್ಬಿ ಗೇಟ್:
ಇದೇ ನಾನು ಮೊದಲು ಹೇಳಿದ್ದು.

ಮಾಲೂರು ಹೆಂಚು:
ಈಗಿನ ಕಥೆಯೂ ಹೇಳಿ. 2005ರಲ್ಲಿ ಕಾಶಿ ವಿಶ್ವನಾಥ್ ಎಕ್ಸ್‌ಪ್ರೆಸ್ಸಲ್ಲಿ ಸೊಂಟಪಟ್ಟಿಯಲ್ಲಿದ್ದ ಒಂದು ಲಕ್ಷ ರೂಪಾಯಿ ಕಳುವಾದ ಕೇಸು. ಜಿಲ್ಲೆ, ರಾಜ್ಯ, ರಾಷ್ಟ್ರ ಮೂರೂ ಮಟ್ಟದ ಗ್ರಾಹಕ ವೇದಿಕೆಯಲ್ಲಿ ಪ್ರಯಾಣಿಕ ಗೆದ್ರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ತನ್ನ ಸ್ವತ್ತನ್ನ ಪ್ರಯಾಣಿಕನೇ ಕಾಯ್ದುಕೊಳ್ಳದಿದ್ರೆ ರೈಲ್ವೆ ಹೊಣೆಯಲ್ಲ ಅಂತ ಎಲ್ಲವನ್ನೂ ರದ್ದು ಮಾಡಿತು. ಹದಿನೆಂಟು ವರ್ಷ. ಬಂಚ್‌ಗೆ ನಾಲ್ಕೇ ವರ್ಷ.

ಕೋಲಾರ ವಕೀಲ:
ಅದು ಮೈಮೇಲಿದ್ದ ಹಣ, ಯಾರ ಕೈಗೂ ಕೊಟ್ಟಿದ್ದಲ್ಲ. ಬಂಚ್ ಪಕ್ಕ ಇಟ್ಟು ಹೋಲಿಸೋಕಾಗಲ್ಲ. ಈಗಿರೋದು 1989ರ ಕಾಯ್ದೆಯ 100ನೇ ಕಲಂ. ಬುಕ್ ಮಾಡಿದ ಲಗೇಜಿಗೆ ರಸೀದಿ ಬೇಕು, ಜೊತೆಯಲ್ಲೇ ಒಯ್ಯೋದಕ್ಕೆ ರೈಲ್ವೆ ಕಡೆಯ ಅಜಾಗರೂಕತೆಯನ್ನ ಸಾಬೀತು ಮಾಡಬೇಕು. ಬುಕ್ ಮಾಡಿದ್ರೂ ಬೆಲೆ ಬರೆಸಿ ಹೆಚ್ಚಿನ ಶುಲ್ಕ ಕಟ್ಟದಿದ್ರೆ ಕಿಲೋಗೆ 100 ರೂಪಾಯಿ ಲೆಕ್ಕ. 1990ರ ನಿಯಮದಲ್ಲಿ ಬರೆದಿದ್ದು.

ಶಿಡ್ಲಘಟ್ಟ ರೀಲರ್:
ಕಿಲೋಗೆ ನೂರು! ಒಂದು ಕಿಲೋ ರೇಷ್ಮೆ ನೂಲಿನ ಬೆಲೆ ಕೇಳಿದ್ದಾರಾ ಅವರು?

ಕ್ಯಾತ್ಸಂದ್ರ ಎಲ್‌ಎಲ್‌ಬಿ:
ಎಲ್ಲರಿಗೂ ಧನ್ಯವಾದ. ಕಂಪನಿ ಪರ ಹೀಗೆ ಕಟ್ತಾ ಇದ್ದೀನಿ: ಮೊದಲು ಬರ್ಗ್‌ಹೈಮ್, ಆಮೇಲೆ ಪೋರ್ಟರ್ ಅಧಿಕಾರ, ಕೊನೆಗೆ ಪಕ್ಕದಲ್ಲೇ ಇದ್ದ ಕ್ಲೋಕ್ ರೂಮು. ಟ್ಯಾಲಿ ಕೈಬಿಡ್ತೀನಿ, ಟಿಕೆಟ್ ಪ್ರಶ್ನೆ ಬಂದ್ರೆ ಅಲ್ಲಿ ನಿಲ್ಲೋಕಾಗಲ್ಲ. ಟೀಚರ್ ಮೇಡಂ ಕೇಳಿದ ಸಮವಸ್ತ್ರದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಹೊಳೆದಿಲ್ಲ.

ತಿಪಟೂರು ಕೊಬ್ಬರಿ:
ಹೀಗೆ ಹೇಳಿ. ಸಮವಸ್ತ್ರ ಹೇಳೋದು ಇವನು ಲಗೇಜು ರೈಲಿಗೆ ಏರಿಸೋನು ಅಂತ ಮಾತ್ರ. ಆಕೆಗೂ ಅದು ಗೊತ್ತಿತ್ತು. ಇಲ್ಲದಿದ್ರೆ ಭದ್ರವಾಗಿರುತ್ತಾ ಅಂತ ಬೇರೆ ಕೇಳ್ತಿದ್ದದ್ದು ಯಾಕೆ? ವ್ಯಾನಿಗೆ ಹೋಗೋ ಎರಡರ ಬಗ್ಗೆ ಕೇಳಲಿಲ್ಲ. ಇದೊಂದರ ಬಗ್ಗೆ ಕೇಳಿದ್ರು ಅಂದ್ರೆ, ಇದು ಬೇರೆ ಥರದ ಒಪ್ಪಂದ ಅಂತ ಆಕೆಗೇ ಅನಿಸಿತ್ತು.

ಗೌರಿಬಿದನೂರು ಟೀಚರ್:
ವಾದ ಚೆನ್ನಾಗಿದೆ, ಆದ್ರೆ ನಿಲ್ಲಲ್ಲ. ಆಕೆ ಕೇಳಿದ್ದಕ್ಕೆ ಪೋರ್ಟರ್ ಕ್ಲೋಕ್ ರೂಮು ಅಲ್ಲಿದೆ ಹೋಗಿ ಅನ್ನಬಹುದಿತ್ತು. ಅನ್ನಲಿಲ್ಲ. ರೈಲಿಗೆ ಇಡ್ತೀನಿ ಅಂದ. ರೈಲಿಗೆ ಇಡೋದು ಅವನ ಕೆಲಸವೇ ಅಂತ ನೀವೇ ಈಗ ಒಪ್ಪಿಕೊಂಡಿದ್ದೀರಿ.

ಬಂಗಾರಪೇಟೆ ನಿವೃತ್ತ ಗಾರ್ಡ್:
ಮಗೂ, ಎದುರು ಪಕ್ಷ ಇದೇ ಮಾತು ಎತ್ತುತ್ತೆ. ಆಗ ಗಡಿಯಾರ ತೋರಿಸು. 5ರ ಗಾಡಿ ಆ ಹೊತ್ತಿಗೆ ಪ್ಲಾಟ್‌ಫಾರ್ಮಿಗೆ ಬಂದಿತ್ತು ಅಂತ ಅವರು ತೋರಿಸಲಿ ಅನ್ನು. ಬೋಗಿಯೇ ಕಣ್ಣಿಗೆ ಬೀಳದ ಹೊತ್ತಲ್ಲಿ ಬೋಗಿಗೆ ಅಂತ ಕೊಟ್ಟ ಚೀಲ, ಗಾಡಿ ಬರೋವರೆಗೆ ಕಾಯೋಕೆ ಕೊಟ್ಟ ಚೀಲವೇ. ತೀರ್ಪು ಇನ್ನೊಂದು ಸಲ ಓದು, ಗಾಡಿ ಯಾವಾಗ ಹಚ್ಚಿದ್ರು ಅಂತ ಸಾಕ್ಷಿ ಇದೆಯಾ ನೋಡು. ಇಲ್ಲದಿದ್ರೆ ಅಲ್ಲೇ ಒತ್ತು.